ಹಳೆಯ ಕಾರು ಎಣ್ಣೆ ಕುಡಿಯತೊಡಗಿದರೆ

ಸ್ವಾರಗೇಟದ ಸುತ್ತಮುತ್ತಲಿನ ಹೋಟೆಲು, ಕಚೇರಿಗಳಲ್ಲಿ ದುಡಿಯುವ ನಮ್ಮ ಕನ್ನಡ ಬಂಧುಗಳಲ್ಲಿ ಹಲವರು ವರ್ಷಗಟ್ಟಲೆ ಉಳಿಸಿದ ಹಣದಿಂದ ಹಳೆಯ ಕಾರೊಂದನ್ನು ಕೊಂಡಿರುತ್ತಾರೆ. ಮಾರ್ಕೆಟ್ ಯಾರ್ಡಿನಿಂದ ತರಕಾರಿ ತರಲಿಕ್ಕೂ ಹಬ್ಬಕ್ಕೆ ಊರಿಗೆ ಹೋಗಲಿಕ್ಕೂ ಅದೇ ಆಧಾರ. ಇಂತಹ ಕಾರು ಎಣ್ಣೆ ಕುಡಿಯತೊಡಗಿದಾಗ ಏನು ಮಾಡಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನನ್ನ ಕಾರೂ ನೀಲಿ ಹೊಗೆ ಬಿಡುತ್ತಿತ್ತು. ಅಂಗಡಿಯವನೊಬ್ಬನು ಡಬ್ಬಿಯೊಂದನ್ನು ಕೊಟ್ಟು, "ಇದನ್ನು ಸುರಿಯಿರಿ, ಇಂಜಿನ್ ಹೊಸದಾಗುತ್ತದೆ" ಎಂದನು. ಹೊಗೆ ತಗ್ಗಿತು. ರೋಗ ವಾಸಿಯಾಯಿತೆಂದು ನಂಬಿ ಎಣ್ಣೆಯ ಮಟ್ಟ ನೋಡುವುದನ್ನೇ ಬಿಟ್ಟೆನು. ಮೂರು ವಾರಗಳ ಬಳಿಕ ಊರಿಗೆ ಹೊರಟಾಗ ಖಂಬಾಟಕಿ ಘಾಟಿನಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು. ಘಾಟು ದಾಟಿದರಾಯಿತೆಂದು ನಿಲ್ಲಿಸದೆ ಹೋದೆನು, ಇಂಜಿನ್ ಜಾಮಾಯಿತು. ಜೊತೆಗಿದ್ದ ಹುಡುಗನು ತಂಗಿಯ ನಿಶ್ಚಿತಾರ್ಥಕ್ಕೆ ಹೊರಟವನು. ಅವನು ಲಾರಿ ಹಿಡಿದು ಮನೆ ಮುಟ್ಟುವಷ್ಟರಲ್ಲಿ ಕಾರ್ಯ ಮುಗಿದಿತ್ತು. ಅಂಗಡಿಯವನಿಗಿಂತ ನನ್ನ ತಪ್ಪೇ ದೊಡ್ಡದು.

ಎಣ್ಣೆ ಕಡಿಮೆಯಾದರೆ ಮೊದಲು ಸೋರಿಕೆ ಇದೆಯೇ ಎಂದು ನೋಡಬೇಕು. ರಾತ್ರಿ ಇಂಜಿನ್ನಿನ ಕೆಳಗೆ ರಟ್ಟೊಂದನ್ನು ಹಾಸಿದರೆ ಸಾಮಾನ್ಯವಾಗಿ ತಿಳಿಯುವುದು. ಸೋರಿಕೆಯಿಲ್ಲದೆ ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆಯೆಂದರ್ಥ. ಕಪ್ಪು ಹೊಗೆ ಪೆಟ್ರೋಲು ಹೆಚ್ಚಾದುದರ ಗುರುತು. ಬೆಳಿಗ್ಗೆ ಚಾಲೂ ಮಾಡಿದೊಡನೆ ನೀಲಿ ಹೊಗೆ ಕಾಣಿಸಿ ಮಾಯವಾದರೆ ವಾಲ್ವಿನ ರಬ್ಬರು ಸೀಲು ಗಟ್ಟಿಯಾಗಿರುವುದು ಸಂಭವ. ವೇಗ ಹೆಚ್ಚಿಸಿದಾಗಲೆಲ್ಲ ಬಂದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು, ಇಲ್ಲವೆ ಮಸಿಗಟ್ಟಿ ಅಂಟಿರಬಹುದು. ಮೆಕ್ಯಾನಿಕನಿಂದ ಕಂಪ್ರೆಶನ್ ಅಳೆಯಿಸಿರಿ. ಅಳತೆ ಕಡಿಮೆಯಿದ್ದು, ಸಿಲಿಂಡರಿಗೆ ಚಮಚದಷ್ಟು ಎಣ್ಣೆ ಬಿಟ್ಟಾಗ ಏರಿದರೆ ದೋಷವು ರಿಂಗು ಅಥವಾ ಸಿಲಿಂಡರಿನದು.

ಇನ್ನು ಎಣ್ಣೆಯ ಆಯ್ಕೆ. ಡಬ್ಬಿಯ ಮೇಲೆ 20ಡಬ್ಲ್ಯು-40 ಎಂದಿದ್ದರೆ ಮೊದಲ ಸಂಖ್ಯೆ ಚಳಿಯಲ್ಲಿನ ಹರಿವನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿನ ಸ್ನಿಗ್ಧತೆಯನ್ನೂ ಸೂಚಿಸುವುದು. 20ಡಬ್ಲ್ಯು ಎಣ್ಣೆಯ ಚಳಿಯ ಪರೀಕ್ಷೆ ಸೊನ್ನೆಗಿಂತ 15 ಡಿಗ್ರಿ ಕೆಳಗೆ ನಡೆಯುವುದು. ಪುಣೆಯ ಚಳಿ ಅಷ್ಟಕ್ಕೆ ಇಳಿಯುವುದಿಲ್ಲ. ಆದುದರಿಂದ ಇಲ್ಲಿ ಗಮನಿಸಬೇಕಾದುದು ಎರಡನೆಯ ಸಂಖ್ಯೆ. ಕಾರಿನ ಕೈಪಿಡಿಯಲ್ಲಿ ಅನುಮತಿಯಿದ್ದರೆ 30ರಿಂದ 40ಕ್ಕೆ ಅಥವಾ 40ರಿಂದ 50ಕ್ಕೆ, ಒಂದೇ ಮೆಟ್ಟಿಲು ಏರಬಹುದು. ತೆಳುವಾದ ಎಣ್ಣೆಗೆಂದೇ ರಚಿಸಿದ ಹೊಸ ಇಂಜಿನ್ನುಗಳಿಗೆ ಈ ಉಪಾಯ ಸಲ್ಲದು. ಗುರುತಿನ ಗೆರೆ ಮೀರಿ ಎಣ್ಣೆ ತುಂಬುವುದೂ ಹಾನಿಕರ.

ಬೆರಕೆ ದ್ರವಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಎಣ್ಣೆಯನ್ನು ಮಂದಗೊಳಿಸುವುದು. ಇದು ತೆಳುವಾದ ಸಾಂಬಾರಿಗೆ ಹಿಟ್ಟು ಕಲಸಿ ಹಾಕಿದಂತೆ: ಮಂದವೇನೋ ಆಗುವುದು, ಬೇಳೆ ಹೆಚ್ಚುವುದಿಲ್ಲ. ಎರಡನೆಯದು ಗಟ್ಟಿಯಾದ ಸೀಲನ್ನು ಮೆದುವಾಗಿಸುವುದು. ಸೀಲು ಹರಿದಿದ್ದರೆ ಉಪಯೋಗವಿಲ್ಲ. ಮೂರನೆಯದು ಮಸಿಯನ್ನು ಕರಗಿಸಿ ಅಂಟಿದ ರಿಂಗನ್ನು ಬಿಡಿಸಲು ಯತ್ನಿಸುವುದು. ಸವೆದ ಲೋಹವನ್ನು ಮರಳಿ ತುಂಬುವ ದ್ರವ ಯಾವುದೂ ಇಲ್ಲ. ಎಣ್ಣೆಯಲ್ಲಿಯೇ ತಯಾರಕರು ಬೇಕಾದ ವಸ್ತುಗಳನ್ನು ಹದವಾಗಿ ಬೆರೆಸಿರುವುದರಿಂದ ಒಂದರ ಮೇಲೊಂದು ಡಬ್ಬಿ ಸುರಿದರೆ ಆ ಹದವೇ ಕೆಡುವುದು.

ಉರಿದ ಎಣ್ಣೆಯಲ್ಲಿನ ರಂಜಕವು ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೂ ಕೆಡಿಸುವುದು. ಸ್ವಂತ ಕಾರಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣಕ್ಕೆ ತಪಾಸಣೆಯಾಗಬೇಕು. ಆಗ ಹೊಗೆಯನ್ನು ಮರೆಮಾಚುವುದು ಕಷ್ಟ.

ಹೋಟೆಲಿನಲ್ಲಿ ಹಾಲು, ಸಕ್ಕರೆಗಳ ಲೆಕ್ಕವಿಡುವ ನಾವು ಎಣ್ಣೆಯ ಲೆಕ್ಕವನ್ನೂ ಇಡೋಣ. ವಾರಕ್ಕೊಮ್ಮೆ ಕಡ್ಡಿ ಎತ್ತಿ ನೋಡಿ, ಸಾವಿರ ಕಿಲೋಮೀಟರಿಗೆ ಎಷ್ಟು ಸುರಿದೆವೆಂದು ಬರೆದಿಡಬೇಕು. ಲೆಕ್ಕ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಡಬ್ಬಿಯ ಹಣವನ್ನು ರಿಪೇರಿಗೆ ಕೂಡಿಡುವುದೇ ಲೇಸು. ಕೆಂಪು ದೀಪ ಹತ್ತಿದರೆ ಮಾತ್ರ, ಎಲ್ಲಿದ್ದರೂ ಸರಿ, ಬದಿಗೆ ನಿಲ್ಲಿಸಿ ಇಂಜಿನ್ ಬಂದುಮಾಡಿರಿ. ಊರಿಗೆ ಒಂದು ದಿನ ತಡವಾಗಿ ತಲುಪಿದರೂ ಕಾರು ಉಳಿಯುವುದು.