ನಿಮಗಿದು ಗೊತ್ತೆ? ಹುಲ್ಲುಗಾವಲೊಂದರ ದೀರ್ಘ ಪರೀಕ್ಷೆ

ಸೂಪರ್‌ಫಾಸ್ಫೇಟ್ ಗೊಬ್ಬರದ ತಯಾರಿಕೆಗೆ 1842ರಲ್ಲಿ ಪೇಟೆಂಟು ಪಡೆದ ಜಾನ್ ಬೆನೆಟ್ ಲಾಸ್ ಎಂಬ ಮಹನೀಯರು, ರಸಾಯನಶಾಸ್ತ್ರಜ್ಞರಾದ ಜೋಸೆಫ್ ಹೆನ್ರಿ ಗಿಲ್ಬರ್ಟರೊಡಗೂಡಿ, ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನ ಹುಲ್ಲುಗಾವಲೊಂದನ್ನು ತಾಕುಗಳಾಗಿ ವಿಭಾಗಿಸಿ, ಯಾವ ಗೊಬ್ಬರದಿಂದ ಎಷ್ಟು ಮೇವು ದೊರೆಯುವುದೆಂಬುದನ್ನು ಅರಿಯಲು 1856ರಲ್ಲಿ ಆರಂಭಿಸಿದ ಪ್ರಯೋಗವು ಇಂದಿಗೂ ಅವಿಚ್ಛಿನ್ನವಾಗಿ ಸಾಗಿಬಂದಿದೆ. ಅವರು ಅರಸಿದ್ದು ಇಳುವರಿಯನ್ನು. ಆದರೆ ಕೆಲವೇ ವರ್ಷಗಳಲ್ಲಿ ತಾಕುಗಳ ಸಸ್ಯಸಂಕುಲವೇ ಬೇರೆಬೇರೆಯಾಗತೊಡಗಿತು. ಏನನ್ನೂ ಹಾಕದ ತಾಕಿನಲ್ಲಿ ಮೂವತ್ತಕ್ಕೂ ಮಿಗಿಲಾದ ಜಾತಿಯ ಹುಲ್ಲು, ಹೂಗಿಡ, ದ್ವಿದಳ ಸಸ್ಯಗಳು ಈಗಲೂ ಬಾಳುತ್ತಿರಲು, ವರ್ಷವರ್ಷವೂ ಸಾರಜನಕದ ಗೊಬ್ಬರವಾದ ಅಮೋನಿಯಂ ಸಲ್ಫೇಟನ್ನು ಹೇರಳವಾಗಿ ಉಂಡು ಸುಣ್ಣವನ್ನು ಕಾಣದ ತಾಕಿನಲ್ಲಿ ಉಳಿದಿರುವುವು ಒಂದೆರಡು ಜಾತಿಯ ಹುಲ್ಲುಗಳು ಮಾತ್ರ. ಅಮೋನಿಯಂ ಅಂಶವನ್ನು ಸೂಕ್ಷ್ಮಜೀವಿಗಳು ನೈಟ್ರೇಟಾಗಿ ಪರಿವರ್ತಿಸುವಾಗ ಆಮ್ಲವು ಜನಿಸುತ್ತದೆ. ಅದರಿಂದ ಸುಣ್ಣದ ಅಂಶವು ಕರಗಿ ಬಸಿದುಹೋಗಿ, ಬೇರಿಗೆ ವಿಷಪ್ರಾಯವಾದ ಅಲ್ಯೂಮಿನಿಯಂ ಮಣ್ಣಿನ ನೀರಿನಲ್ಲಿ ಸೇರಿ, ಎರೆಹುಳುಗಳು ಇಲ್ಲವಾಗಿ, ಸತ್ತ ಹುಲ್ಲು ಕೊಳೆಯದೆಯೇ ನೆಲದ ಮೇಲೆ ಚಾಪೆಯಂತೆ ದಪ್ಪಗಟ್ಟುತ್ತದೆ. ಶೋಚನೀಯವಾದ ಈ ಸ್ಥಿತಿಗೆ ಸಾರಜನಕವೊಂದೇ ಹೊಣೆಯಲ್ಲವೆಂಬುದನ್ನೂ ಗಮನಿಸಬೇಕು: ಸೋಡಿಯಂ ನೈಟ್ರೇಟಿನ ರೂಪದಲ್ಲಿ ಅದನ್ನು ಪಡೆದ ತಾಕುಗಳು ಹೀಗೆ ಹುಳಿಯೇರಲಿಲ್ಲ, 1903ರಿಂದ ಅನೇಕ ತಾಕುಗಳ ಅರ್ಧಭಾಗಕ್ಕೆ ನಿಯತವಾಗಿ ಸುಣ್ಣವೆರಚಲಾಗಿ, ಅಲ್ಲಿ ಆಮ್ಲತೆಯು ತಗ್ಗಿತು. ನಮ್ಮ ರೈತರು ನೆಚ್ಚಿರುವ ಯೂರಿಯವೂ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗಿ, ಅನಂತರ ಇದೇ ಮಾರ್ಗವನ್ನು ಹಿಡಿಯುವುದರಿಂದ, ಅತಿವೃಷ್ಟಿಯಿಂದ ಮೊದಲೇ ಹುಳಿಯಾಗಿರುವ ಮಲೆನಾಡಿನ ತೋಟಗಳಲ್ಲಿ ಮಣ್ಣನ್ನು ಪರೀಕ್ಷಿಸಿ ಕೃಷಿಸುಣ್ಣವನ್ನು ಹಾಕುವ ಪದ್ಧತಿಯು ಅತ್ಯಂತ ಯುಕ್ತವಾದುದು.