ಹರಿಗೋಲಿನ ಸಾಕ್ಷ್ಯ

ಸಾಣಾಪುರದ ಕೆರೆಯಲ್ಲಿ ಹರಿಗೋಲನ್ನೇರಿದ ಯಾರಿಗೂ ಒಂದು ಅನುಭವ ತಪ್ಪಿದ್ದಲ್ಲ. ಅಂಬಿಗನು ಹುಟ್ಟು ಹಾಕಿದಂತೆಲ್ಲ ಅದು ನೇರವಾಗಿ ಸಾಗದೆ, ಗಿರಗಿರನೆ ಸುತ್ತುತ್ತಲೇ ಮುಂದುವರಿಯುತ್ತದೆ. ಈ ಕೆರೆಯೇನೋ ತುಂಗಭದ್ರೆಯ ಎಡದಂಡೆ ಕಾಲುವೆಯೊಡನೆ ಹುಟ್ಟಿದುದು. ಹರಿಗೋಲಾದರೋ ಬಹು ಪುರಾತನವಾದುದು. ಸುಮಾರು ಐನೂರು ವರ್ಷಗಳ ಹಿಂದೆಯೇ ಪೋರ್ಚುಗೀಸನೊಬ್ಬನು ಸಮೀಪದ ಆನೆಗೊಂದಿಯ ಹೊಳೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ.

ಅವನ ಹೆಸರು ಡೊಮಿಂಗೊ ಪಾಯೆಸ್. ಯೂರೋಪಿನಲ್ಲಿ ಅದು ಪುನರುಜ್ಜೀವನದ ಕಾಲ. 1517ರಲ್ಲಿ ಮಾರ್ಟಿನ್ ಲೂಥರನು ಅಲ್ಲಿ ಮತಸುಧಾರಣೆಗೆ ನಾಂದಿ ಹಾಡಿದ್ದನು. ಅದೇ ಶತಮಾನದಲ್ಲಿ ನಮ್ಮ ಪುರಂದರದಾಸರೂ ಕನಕದಾಸರೂ ಜನರಾಡುವ ನುಡಿಯಲ್ಲಿ ಭಕ್ತಿಯನ್ನು ಹಾಡಿದರು. 1520ರ ಸುಮಾರಿಗೆ ಬಂದ ಪಾಯೆಸನು ಕೃಷ್ಣದೇವರಾಯನ ರಾಜಧಾನಿಯನ್ನು ವಿಸ್ತಾರದಲ್ಲಿ ರೋಮಿಗೆ ಹೋಲಿಸಿದನು. ಆ ಕಾಲದ ಯೂರೋಪಿಯನನಿಗೆ ಅದಕ್ಕಿಂತ ದೊಡ್ಡ ಅಳತೆಗೋಲು ಇನ್ನಾವುದು? ಅವನ ತರುವಾಯ, 1535ರ ಸುಮಾರಿಗೆ, ಕುದುರೆ ವ್ಯಾಪಾರಿ ನೂನಿಜನು ಇಲ್ಲಿಯ ಅರಸರ ಚರಿತ್ರೆಯನ್ನು ಬರೆದನು.

1565ರ ಯುದ್ಧದ ಬಳಿಕ ನಗರವು ಹಾಳಾಯಿತು. ಇವರ ಬರಹಗಳ ಹಸ್ತಪ್ರತಿ ಪ್ಯಾರಿಸಿನ ಗ್ರಂಥಾಲಯವನ್ನು ಸೇರಿತು. ಅದನ್ನು 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದವರು ಡೇವಿಡ್ ಲೋಪೆಸ್ ಎಂಬ ಪಂಡಿತರು. ಮದರಾಸು ಸರ್ಕಾರದ ಸೇವೆಯಲ್ಲಿದ್ದ ರಾಬರ್ಟ್ ಸೆವೆಲ್ಲರು ಅದನ್ನು ಇಂಗ್ಲಿಷಿಗೆ ತಂದು, ಶಾಸನಗಳೊಡನೆಯೂ ಫೆರಿಷ್ತಾನ ಬರಹದೊಡನೆಯೂ ತಾಳೆನೋಡಿ, 1900ರಲ್ಲಿ ಪ್ರಕಟಿಸಿದರು. ‘ಮರೆತುಹೋದ ಸಾಮ್ರಾಜ್ಯ’ ಎಂಬುದು ಆ ಗ್ರಂಥದ ಹೆಸರಿನ ಅರ್ಥ.

ಪರದೇಶಿಯ ಮಾತನ್ನು ನಂಬುವುದೆಂತು? ನಮ್ಮ ಆಚಾರಗಳನ್ನು ಅವನು ತನ್ನ ಮತದ ಕಣ್ಣಿನಿಂದ ನೋಡಿದವನು. ಆದುದರಿಂದ ಸಂಶೋಧಕನು ಒಂದೊಂದು ಸಾಲನ್ನೂ ತೂಗಿನೋಡಬೇಕು. ಇಲ್ಲಿ ಹರಿಗೋಲೇ ಸಾಕ್ಷಿ ನುಡಿಯುತ್ತದೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನರ ಭಾರ, ಬಿಡದ ಸುತ್ತಾಟ: ಪಾಯೆಸನು ಇವೆಲ್ಲವನ್ನೂ ಗುರುತಿಸಿದ್ದಾನೆ. ಇಂದು ತೊಗಲಿನ ಬದಲು ಪ್ಲಾಸ್ಟಿಕ್ಕೂ ಡಾಂಬರೂ ಬಂದಿವೆ. ಸುತ್ತಾಟ ಮಾತ್ರ ಅದೇ. ಸಣ್ಣ ಸಂಗತಿಯಲ್ಲಿ ಇಷ್ಟು ನಿಷ್ಠೆಯುಳ್ಳವನ ದೊಡ್ಡ ಮಾತನ್ನು ಪರೀಕ್ಷಿಸದೆ ಒಪ್ಪಬೇಕಾಗಿಲ್ಲ. ಪರೀಕ್ಷಿಸದೆ ತಳ್ಳಿಹಾಕಲೂ ಬಾರದು.

ಸಾಮ್ರಾಜ್ಯವನ್ನು ಲೋಕವು ಮರೆತಿರಬಹುದು. ಈ ದಡದ ಅಂಬಿಗರ ಕೈ ಮರೆಯಲಿಲ್ಲ. ಪ್ಯಾರಿಸಿನ ಕಾಗದವನ್ನು ಓದಿದ ಪಂಡಿತರಿಗೆ ನಾವು ಋಣಿಗಳು. ಆ ಓದಿಗೆ ಒರೆಗಲ್ಲು ಮಾತ್ರ ಇಂದಿಗೂ ನಮ್ಮ ಹೊಳೆಯಲ್ಲಿಯೇ ಇದೆ.