ದೇಹವೇ ದೇಹದ ಮೇಲೆ ತಿರುಗಿಬಿದ್ದರೆ ಶುಭಸೂಚನೆಯಾ?

ನಮ್ಮ ದೇಹವನ್ನೇ ಗುರಿಮಾಡುವ ಪ್ರತಿಕಾಯಗಳು,
ಅಂದರೆ ಸ್ವಪ್ರತಿಕಾಯಗಳು,
ಕ್ಯಾನ್ಸರ್ ರೋಗಿಗೆ ಶುಭಸೂಚನೆ ಆಗಬಹುದಾ?
ಆಗಬಹುದು ಅಂತ 2006ರಲ್ಲಿ ಗ್ರೀಸ್‌ನ ಸಂಶೋಧಕರು ಹೇಳಿದರು.
ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ
ಇಂಟರ್‌ಫೆರಾನ್ ಎಂಬ ಔಷಧಿ ಪಡೆದ 200 ರೋಗಿಗಳು.
ಸ್ವಪ್ರತಿಕಾಯ ಅಥವಾ ದೇಹ ತನ್ನ ಮೇಲೇ ದಾಳಿ ಮಾಡುವ ಲಕ್ಷಣ ಕಂಡವರಲ್ಲಿ
ರೋಗ ಮರುಕಳಿಸಿದ್ದು ಶೇ. 13 ಮಂದಿಗೆ.
ಉಳಿದವರಲ್ಲಿ? ಶೇ. 73!
ತರ್ಕವೂ ಒಪ್ಪುವಂಥದ್ದೇ:
ಕೆರಳಿದ ರೋಗನಿರೋಧಕ ವ್ಯವಸ್ಥೆ ಗಡ್ಡೆಯನ್ನೂ ಬಿಡಲ್ಲ.

ಆದರೆ ಇಲ್ಲೊಂದು ಆಕ್ಷೇಪ.
ಶತಕ ಹೊಡೆದ ಬ್ಯಾಟರ್ ಹೆಚ್ಚು ಹೊತ್ತು ಕ್ರೀಸಿನಲ್ಲಿ ಇದ್ದೇ ಇರ್ತಾನೆ.
ಹಾಗಂತ ಶತಕವೇ ಅವನನ್ನು ಔಟಾಗದಂತೆ ಕಾಪಾಡಿತು ಅನ್ನೋಕಾಗುತ್ತಾ?
ಇಲ್ಲೂ ಹಾಗೇ: ಚಿಕಿತ್ಸೆ ಶುರುವಾದ ಮೇಲೆ
ಸ್ವಪ್ರತಿಕಾಯ ಮೂಡೋಕೂ ಸಮಯ ಬೇಕು.
ರೋಗ ಬೇಗ ಮರುಕಳಿಸಿದವರಿಗೆ ಆ ಸಮಯವೇ ಸಿಗಲಿಲ್ಲ.
2009ರಲ್ಲಿ ಯುರೋಪಿನ ಎರಡು ಪ್ರಯೋಗಗಳ ರೋಗಿಗಳಲ್ಲಿ
ಈ ಸಮಯದ ಲೆಕ್ಕ ಸರಿಪಡಿಸಿ ನೋಡಿದಾಗ,
ಸ್ವಪ್ರತಿಕಾಯಕ್ಕೂ ರೋಗ ಮರುಕಳಿಸದಿರುವುದಕ್ಕೂ ಇರುವ ನಂಟು ಗಟ್ಟಿಯಾಗಿ ನಿಲ್ಲಲಿಲ್ಲ.

ಹಾಗಾದರೆ ಸ್ವಪ್ರತಿಕಾಯ ಏನೂ ಹೇಳೋದೇ ಇಲ್ವಾ?
ಹೇಳುತ್ತೆ.
ನಮ್ಮದೇ ದೇಹದ ಪಿ53 ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯ
ಚಿಕಿತ್ಸೆಗೆ ಮೊದಲೇ ರಕ್ತದಲ್ಲಿ ಕಾಣಬಹುದು.
ಸ್ತನ ಕ್ಯಾನ್ಸರ್‌ನ ಹಲವು ಅಧ್ಯಯನಗಳಲ್ಲಿ ಅದು ಕೆಟ್ಟ ಸೂಚನೆ!
ಆದ್ದರಿಂದ ಯಾವುದೇ ಫಲಿತಾಂಶ ನಂಬುವ ಮೊದಲು ಎರಡು ಪ್ರಶ್ನೆ ಕೇಳಿ.
ಪ್ರತಿಕಾಯ ಯಾವುದರ ವಿರುದ್ಧ?
ಅಳೆದದ್ದು ಯಾವಾಗ?